ಹೊಸ ಡ್ರೈವರ್‌ಗಳ ಗಮನಕ್ಕೆ: ಊರ ಹತ್ತಿರದ ಮೊದಲ ಕೆಲಸ

ಎಲ್ಲರಿಗೂ ನಮಸ್ಕಾರ. ‘ಅಣ್ಣಾ, ಲೈಸೆನ್ಸ್ ಆಯ್ತು, ಗಾಡಿ ಯಾರೂ ಕೊಡ್ತಿಲ್ಲ’ ಅಂತ ದಿನಾ ಮೆಸೇಜ್ ಬರುತ್ತಿದೆ. ಹೊಸಬರ ಕೈಗೆ ಹತ್ತು ಚಕ್ರದ ಲಾರಿ ಯಾರು ತಾನೆ ಕೊಡುತ್ತಾರೆ? ಮೊದಲು ಸಣ್ಣ ಗಾಡಿ ಹಿಡಿಯಿರಿ. ಒಟ್ಟು ತೂಕ 7,500 ಕಿಲೋ ಮೀರದ ಸರಕು ಗಾಡಿಗೆ ಎಲ್‌ಎಂವಿ (ಲಘು ವಾಹನ) ಲೈಸೆನ್ಸೇ ಸಾಕು ಅಂತ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಲಾರಿಗಾದರೆ ಹೆವಿ ಲೈಸೆನ್ಸ್ ಬೇಕೇ ಬೇಕು.

ಫೋನಿನಲ್ಲಿ ಕೇಳಿದರೆ ಕೆಲಸ ಸಿಗುವುದು ಕಷ್ಟ. ಬೆಳಿಗ್ಗೆ ಬೇಗ ಮೈಸೂರಿನ ಬಂಡಿಪಾಳ್ಯದ ಎಪಿಎಂಸಿಗೋ ಮದ್ದೂರಿನ ಎಳನೀರು ಮಾರುಕಟ್ಟೆಗೋ ಹೋಗಿ, ಲೋಡ್ ಆಗುವ ಜಾಗದಲ್ಲೇ ಮಾತಾಡಿಸಿ. ಕಬ್ಬು ಅರೆಯುವ ಕಾಲದಲ್ಲಿ ಮಂಡ್ಯ, ಪಾಂಡವಪುರ ಕಡೆ ಕೇಳಿ. ಮೈಸೂರಿನ ಹೆಬ್ಬಾಳ, ಕೂರ್ಗಳ್ಳಿ, ಇಲ್ಲವೇ ನಂಜನಗೂಡಿನ ಫ್ಯಾಕ್ಟರಿಗಳಿಗೆ ಓಡುವ ಗಾಡಿಗಳಾದರೆ ರಾತ್ರಿ ಮನೆಗೆ ಬರುವ ಸಾಧ್ಯತೆ ಜಾಸ್ತಿ.

ಒಂದು ಮಾತು. ಒರಿಜಿನಲ್ ಲೈಸೆನ್ಸ್ ಓನರ್ ಹತ್ತಿರ ಬಿಡಬೇಡಿ, ಜೆರಾಕ್ಸ್ ಕೊಡಿ. ನಾನು ಬಿಟ್ಟು, ವಾಪಸ್ ಪಡೆಯಲು ಎರಡು ತಿಂಗಳು ಅಲೆದಿದ್ದೇನೆ. ಬಾಟಾ (ಊಟ-ತಿಂಡಿ ಖರ್ಚಿಗೆ ಕೊಡುವ ದುಡ್ಡು) ಎಷ್ಟು, ಡೀಸೆಲ್ ಯಾರದು, ಟೈರ್ ಪಂಚರ್ ಆದರೆ ಯಾರ ದುಡ್ಡು, ಎಲ್ಲ ಮೊದಲೇ ಕೇಳಿ. ಗುಂಡ್ಲುಪೇಟೆ ದಾಟಿ ಹೋಗುವ ಲೋಡ್ ಅಂದರೆ ನೆನಪಿರಲಿ: ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಲಾರಿ ಬಿಡಲ್ಲ.

ಕ್ಲೀನರ್ ಆಗಿ ಹೋಗಲು ಒಪ್ಪುವವರು ಈ ಗ್ರೂಪಿನಲ್ಲಿ ನಿಮ್ಮ ಊರಿನ ಹೆಸರು ಹಾಕಿ. ಶುಭೋದಯದ ಫೋಟೋ ಇಲ್ಲಿ ಬೇಡ.