ಕನ್ನಡಿ ಮುಂದೆ ನಿಲ್ಲಬೇಡಿ ಅಂದರೆ ಹೇಗೆ?

ಮಾನ್ಯರೇ,

ಮೂವತ್ತು ವರ್ಷ ಚಿಕ್ಕಪೇಟೆಯಲ್ಲಿ ಫೋಟೊಗಳಿಗೆ ಕಟ್ಟು ಹಾಕಿದವನು ನಾನು. ಗಾಜು ಹೊಳೆದರೆ ಗಿರಾಕಿ ಬೈಯುತ್ತಿದ್ದರು. ಕಳೆದ ಭಾನುವಾರ ಮೊಮ್ಮಗಳು ಕರೆದುಕೊಂಡು ಹೋದ ಗ್ಯಾಲರಿಯಲ್ಲಿ ಹೊಳೆಯುವುದೇ ಚಿತ್ರ! ಕನ್ನಡಿಯಂತೆ ಉಜ್ಜಿದ ಸ್ಟೀಲ್ ತಗಡು. ಅದರ ಮೇಲೆ ಕೆ.ಆರ್. ಮಾರ್ಕೆಟ್ಟಿನ ಹೂವಿನಜ್ಜಿಯ ಕಪ್ಪು ಬಿಳುಪು ಫೋಟೊ. ಸೀರೆಯಂಚಿಗೆ ಮಾತ್ರ ಕುಂಚದಲ್ಲಿ ಬಳಿದ ಕುಂಕುಮಗೆಂಪು. ಹತ್ತಿರ ಹೋದರೆ ಅಜ್ಜಿ ಪಕ್ಕ ಮೊಳ ಹೂವಿಗೆ ಚೌಕಾಸಿ ಮಾಡುವವನ ಹಾಗೆ ನಾನೇ ನಿಂತಿದ್ದೆ.

ಇಟಲಿಯ ಕಲಾವಿದ ಮೈಕೆಲಾಂಜೆಲೊ ಪಿಸ್ತೊಲೆತ್ತೊ 1962ರಲ್ಲೇ ಇಂಥದ್ದು ಶುರು ಮಾಡಿದರು. ಫೋಟೊ ನೋಡಿ ತೆಳು ಕಾಗದದ ಮೇಲೆ ಚಿತ್ರ ಬರೆದು ಸ್ಟೀಲಿಗೆ ಅಂಟಿಸುತ್ತಿದ್ದರು. ನೋಡುವವರು ಎದುರು ನಿಂತರೇನೇ ಅದು ಪೂರ್ತಿ, ಅಲ್ವಾ?

ಇಲ್ಲಿ ಕಾವಲಿನವರು ಮಾತ್ರ "ಸೈಡಿಗೆ ಬನ್ನಿ ಸಾರ್, ಅಡ್ಡ ಬರ್ತೀರ" ಅಂತ ಎಲ್ಲರನ್ನೂ ಸರಿಸುತ್ತಿದ್ದರು. ಪಾಪ, ಅವರಿಗೆ ಯಾರೂ ಹೇಳಿಲ್ಲ. ದೀಪ ಬೇರೆ ನೇರ ತಗಡಿಗೇ ಬಿದ್ದು ಕಣ್ಣು ಕುಕ್ಕುತ್ತಿತ್ತು. ಅದನ್ನು ನೋಡುವವರ ಕಡೆ ತಿರುಗಿಸಿದ್ದರೆ ಮುಖ ಚೆನ್ನಾಗಿ ಕಾಣುತ್ತಿತ್ತು. ಗೋಡೆಯ ಮೇಲೆ ಕನ್ನಡದ ಒಂದು ಚೀಟಿಯೂ ಇಲ್ಲ. "ಎದುರಿಗೇ ನಿಲ್ಲಿ" ಅಂತ ಬರೆದು ಅಂಟಿಸಿ ಸ್ವಾಮಿ. ಚೀಟಿಗೆ ಕಟ್ಟು ನಾನೇ ಹಾಕಿಕೊಡುತ್ತೇನೆ, ದುಡ್ಡು ಬೇಡ.

– ಹಳೇ ಫ್ರೇಮ್ ಅಂಗಡಿಯವ, ಬೆಂಗಳೂರು