ಪಾರ್ಕಿನಲ್ಲೊಂದು ಜಗಲಿ: ಬಡಾವಣೆಯ ಎಲ್ಲ ಮನೆಗಳಿಗೂ ದೇಣಿಗೆ ಮನವಿ

ಮಾನ್ಯರೇ,

ಮೈಸೂರಿನ ನಮ್ಮ ಬಡಾವಣೆಯ ದೊಡ್ಡ ಪಾರ್ಕಿನಲ್ಲಿ, ವರ್ಷಗಳಿಂದ ನೀರು ಕಾಣದೆ ಒಣಗಿರುವ ಕಾರಂಜಿ ತೊಟ್ಟಿಯ ಜಾಗದಲ್ಲಿ, ಎಲ್ಲರೂ ಕೂಡಿ ಕೂರಲು ಒಂದು ತೆರೆದ ಜಗಲಿ ಕಟ್ಟಬೇಕೆಂದು ಐದು ಸಂಘಗಳು ಒಟ್ಟಾಗಿ ತೀರ್ಮಾನಿಸಿವೆ. ಮಹಿಳಾ ಸಮಾಜ, ಹಿರಿಯ ನಾಗರಿಕರ ಬಳಗ, ಭಜನಾ ಮಂಡಳಿ, ಗಮಕ ವಾಚನದ ಗುಂಪು, ಬೇಸಿಗೆ ಶಿಬಿರ ನಡೆಸುವ ಯುವಕ ಸಂಘ ಈ ಕೆಲಸದಲ್ಲಿ ಕೈಜೋಡಿಸಿವೆ. ಅಂದಾಜು ವೆಚ್ಚ 14 ಲಕ್ಷ ರೂಪಾಯಿ. ಸಂಘಗಳು ತಮ್ಮ ಉಳಿತಾಯದಿಂದ 4 ಲಕ್ಷ ತೆಗೆದಿಟ್ಟಿವೆ. ಉಳಿದ 10 ಲಕ್ಷಕ್ಕಾಗಿ ನಿಮ್ಮ ಮನೆಬಾಗಿಲಿಗೆ ಬರುತ್ತಿದ್ದೇವೆ.

ಮೈಸೂರಿಗೆ ಪಾರ್ಕುಗಳು ಸುಮ್ಮನೆ ಬಂದವಲ್ಲ. 1898ರಲ್ಲಿ ಸಂಸ್ಥಾನಕ್ಕೆ ಪ್ಲೇಗು ಕಾಲಿಟ್ಟಾಗ ಇಕ್ಕಟ್ಟಾದ ಕೇರಿಗಳಲ್ಲಿ ಜನ ಸತ್ತರು, ಊರು ಬಿಟ್ಟು ಗುಡಿಸಲು ಹಾಕಿಕೊಂಡರು. ಆ ನಂತರ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಹುಟ್ಟಿತು. ಅಗಲವಾದ ಬೀದಿ, ಮನೆಮನೆಗೂ ಗಾಳಿ ಬೆಳಕು, ನಡುನಡುವೆ ಪಾರ್ಕು ಎಂಬ ಲೆಕ್ಕದಲ್ಲಿ ಹೊಸ ಬಡಾವಣೆಗಳು ಎದ್ದವು. ನಮ್ಮ ಬಡಾವಣೆ ಬಹಳ ಆಮೇಲಿನದು, ಆದರೂ ಅದೇ ಜಾಡಿನಲ್ಲಿ ಬೆಳೆದದ್ದು. ಆಗಿನ ಮನೆಗಳಿಗೆ ಬೀದಿಗೆ ಮುಖಮಾಡಿದ ಜಗಲಿ ಇರುತ್ತಿತ್ತು. ಅಪರಿಚಿತರೂ ಕುಳಿತು ನೀರು ಕೇಳಬಹುದಿತ್ತು. ಈಗ ಆ ಜಾಗದಲ್ಲಿ ಕಾಂಪೌಂಡು, ಗೇಟು, ಕಾರು. ಹಳೆಯ ಮನೆಗಳು ಒಂದೊಂದಾಗಿ ಉರುಳುತ್ತಿವೆ. ಮೇಲೇಳುವ ಅಪಾರ್ಟ್‌ಮೆಂಟುಗಳಲ್ಲಿ ಹತ್ತು ಮಂದಿ ಕೂತು ಮಾತಾಡುವಷ್ಟು ಸ್ಥಳವೂ ಇರುವುದಿಲ್ಲ. ಕಲ್ಯಾಣ ಮಂಟಪದ ಬಾಡಿಗೆ ಭಜನೆಗೂ ಗಮಕಕ್ಕೂ ನಿಲುಕುವ ಮಾತಲ್ಲ.

ಹಾಗಾಗಿ ಎಲ್ಲರೂ ಪಾರ್ಕಿನ ಮಳೆಮರದ ಕೆಳಗೆ ಸೇರುತ್ತೇವೆ. ತೊಂದರೆಯೆಂದರೆ ಮೈಸೂರಿನ ಮಳೆ. ಮೇ ತಿಂಗಳ ಸಂಜೆಯ ಗುಡುಗು ಮಳೆ ಬೇಸಿಗೆ ಶಿಬಿರದ ಹೊತ್ತಿಗೇ ಬರುತ್ತದೆ. ಅಕ್ಟೋಬರಿನ ಮಳೆ ದಸರಾ ಕಾರ್ಯಕ್ರಮಗಳ ಮೇಲೆ ಸುರಿಯುತ್ತದೆ. ಕಳೆದ ವರ್ಷ ಗಮಕಿಗಳು ಪದ್ಯದ ನಡುವೆ ಇದ್ದಾಗ ಹನಿ ಬಿತ್ತು. ವ್ಯಾಖ್ಯಾನಕಾರರು ತಮ್ಮ ಶಾಲನ್ನು ತೆಗೆದು ಶ್ರುತಿಪೆಟ್ಟಿಗೆಗೆ ಹೊದಿಸಿದರು, ಯಾರೋ ಪುಸ್ತಕವನ್ನು ತರಕಾರಿ ಚೀಲಕ್ಕೆ ತುರುಕಿದರು. ನಲವತ್ತಕ್ಕೂ ಹೆಚ್ಚು ಜನ ಪಂಪ್‌ಹೌಸಿನ ಸೂರಿನಡಿ ಗೋಡೆಗೆ ಬೆನ್ನು ಹಚ್ಚಿ ನಿಂತೆವು. ಊರುಗೋಲು ಹಿಡಿದ ಹಿರಿಯರೊಬ್ಬರಿಗೆ ಅಲ್ಲಿಯವರೆಗೆ ನಡೆಯಲಾಗದೆ ಕಲ್ಲುಬೆಂಚಿನ ಮೇಲೆಯೇ ನೆನೆದರು. ಈ ಯೋಜನೆಗೆ ಐದೂ ಸಂಘಗಳು ಒಂದೇ ಮಾತಿಗೆ ಒಪ್ಪಿದ್ದು ಆ ವಾರದ ಸಭೆಯಲ್ಲಿ.

ಒಪ್ಪಿದ ಮೇಲೆಯೂ ಚರ್ಚೆ ಸಾಕಷ್ಟಾಯಿತು. ಬೀಗ ಹಾಕುವ ಒಂದು ಕೋಣೆಯಾದರೂ ಬೇಕು ಎಂದವರಿದ್ದರು, ಒಂದು ಮೂಲೆಯಲ್ಲಿ ಗುಡಿ ಇರಲಿ ಎಂದವರೂ ಇದ್ದರು. ಎರಡನ್ನೂ ಬಿಟ್ಟೆವು. ಪಾರ್ಕಿನ ಜಾಗ ಸಾರ್ವಜನಿಕರದು. 1985ರ ಕರ್ನಾಟಕದ ಉದ್ಯಾನ, ಆಟದ ಮೈದಾನ ಹಾಗೂ ತೆರೆದ ಸ್ಥಳಗಳ ಕಾಯ್ದೆ ಇರುವುದೇ ಅದನ್ನು ಕಾಪಾಡುವುದಕ್ಕೆ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆಂದು ಬಿಟ್ಟಿದ್ದ ನಿವೇಶನವನ್ನು ಖಾಸಗಿ ನರ್ಸಿಂಗ್ ಹೋಂಗೆ ಕೊಟ್ಟಾಗ ನಿವಾಸಿಗಳೇ ನ್ಯಾಯಾಲಯಕ್ಕೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ಅವರ ಪರವಾಗಿ ನಿಂತಿತು. ಪಾರ್ಕುಗಳಲ್ಲಿ ಹೊಸದಾಗಿ ಯಾವುದೇ ಧರ್ಮದ ಕಟ್ಟಡ ಕಟ್ಟಗೊಡಬಾರದೆಂದು ಅದೇ ನ್ಯಾಯಾಲಯ 2009ರ ಸೆಪ್ಟೆಂಬರಿನಲ್ಲಿ ಆದೇಶಿಸಿದೆ. ಚೌತಿಯ ಗಣಪತಿಯನ್ನು ಜಗಲಿಯಲ್ಲಿ ಕೂರಿಸಬಹುದು, ವಿಸರ್ಜನೆಯಾದ ಮೇಲೆ ಜಗಲಿ ಖಾಲಿ. ಇಫ್ತಾರ್‌ಗೂ ಕ್ರಿಸ್‌ಮಸ್ ಗೀತೆಗಳಿಗೂ ಇದೇ ನಿಯಮ. ಇದಕ್ಕೆ ಭಜನಾ ಮಂಡಳಿಯವರು ಎಲ್ಲರಿಗಿಂತ ಮೊದಲು ಕೈ ಎತ್ತಿದರು ಎಂಬುದನ್ನು ಇಲ್ಲಿ ಕೃತಜ್ಞತೆಯಿಂದ ಬರೆಯಬೇಕು.

ಇನ್ನು ಜಗಲಿಯ ವಿಷಯ. ಉದ್ದ 40 ಅಡಿ, ಅಗಲ 30 ಅಡಿ. ಗೋಡೆ ಇಲ್ಲ, ಬಾಗಿಲಿಲ್ಲ. ಕಲ್ಲಿನ ಕಂಬ, ಮಂಗಳೂರು ಹೆಂಚಿನ ಮಾಡು. ತೊಟ್ಟಿಯ ಕಾಂಕ್ರೀಟಿನ ಮೇಲೆಯೇ ಅದು ನಿಲ್ಲುವುದರಿಂದ ಒಂದು ಮರವನ್ನೂ ಕಡಿಯಬೇಕಿಲ್ಲ. ಕಟ್ಟೆಯ ಎತ್ತರ ಒಂದೂವರೆ ಅಡಿ. ಇದನ್ನು ಹಿರಿಯರ ಬಳಗದವರು ಟೇಪು ಹಿಡಿದು, ಬೇರೆ ಬೇರೆ ಬೆಂಚುಗಳ ಮೇಲೆ ಕೂತು ನೋಡಿ ಗೊತ್ತುಮಾಡಿದರು. ಅಂಚಿನಲ್ಲಿ ಕೂತರೆ ಪಾದ ನೆಲಕ್ಕೆ ಊರಬೇಕು, ಏಳುವಾಗ ಮಂಡಿ ನೋಯಬಾರದು. ಗಾಲಿಕುರ್ಚಿಗಾಗಿ 18 ಅಡಿ ಉದ್ದದ ಇಳಿಜಾರು ಇರುತ್ತದೆ, ಹನ್ನೆರಡು ಅಡಿಗೆ ಒಂದಡಿ ಏರುವ ಲೆಕ್ಕದಲ್ಲಿ. ಅದನ್ನು ಕಡಿದಾಗಿ ಮಾಡಿ ಜಾಗ ಉಳಿಸುವ ಸಲಹೆ ಬಂದಿತ್ತು, ನಾವು ಒಪ್ಪಲಿಲ್ಲ. ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ ಬೀಳುವ ನಮ್ಮ ಊರಿನಲ್ಲಿ ಇಷ್ಟು ಮಾಡಿನಿಂದ 70 ಸಾವಿರ ಲೀಟರಿಗೂ ಹೆಚ್ಚು ನೀರು ಸಿಗುತ್ತದೆ. ಅದನ್ನು ಪಕ್ಕದ ಇಂಗುಗುಂಡಿಗೆ ಇಳಿಸುತ್ತೇವೆ. ಜಗಲಿಯಲ್ಲಿ ಅಡುಗೆ ಮಾಡುವಂತಿಲ್ಲ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕವನ್ನು ಕಾನೂನೇ ತಡೆಯುತ್ತದೆ. ನಾವು ಎಂಟಕ್ಕೇ ನಿಲ್ಲಿಸುತ್ತೇವೆ, ಏಕೆಂದರೆ ಎದುರಿನ ಮನೆಗಳಲ್ಲಿ ಪರೀಕ್ಷೆಗೆ ಓದುವ ಮಕ್ಕಳಿದ್ದಾರೆ.

ಕಟ್ಟಿ ಮುಗಿದ ದಿನವೇ ಜಗಲಿ ನಗರಪಾಲಿಕೆಯ ಸ್ವತ್ತಾಗುತ್ತದೆ. ಪಾಲಿಕೆಯ ಲಿಖಿತ ಅನುಮತಿ ಕೈಸೇರಿದ ಮೇಲೆಯೇ ಮೊದಲ ಕಲ್ಲು ಇಳಿಯುತ್ತದೆ. ಅನುಮತಿ ಸಿಗದಿದ್ದರೆ ನಿಮ್ಮ ಹಣ ಪೂರ್ತಿಯಾಗಿ ನಿಮಗೇ ಹಿಂದಿರುಗುತ್ತದೆ. 14 ಲಕ್ಷದಲ್ಲಿ 2 ಲಕ್ಷವನ್ನು ಠೇವಣಿ ಇಟ್ಟು, ಅದರ ಬಡ್ಡಿಯಿಂದ ಹೆಂಚು ಬದಲಿಸುವುದು, ಗುಡಿಸುವುದು ನಡೆಯಬೇಕು.

ಒಂದು ವಿಷಯದಲ್ಲಿ ನಾವು ಗಟ್ಟಿಯಾಗಿದ್ದೇವೆ: ಒಬ್ಬರಿಂದ 25,000 ರೂಪಾಯಿಗಿಂತ ಹೆಚ್ಚು ಪಡೆಯುವುದಿಲ್ಲ. ಅರ್ಧ ಖರ್ಚನ್ನು ತಾವೇ ಹೊರುವುದಾಗಿ ಒಬ್ಬ ಮಹನೀಯರು ಮುಂದೆ ಬಂದಿದ್ದರು, ತಂದೆಯವರ ಹೆಸರಿಡಬೇಕೆಂಬುದು ಅವರ ಆಸೆ. ಕೈಮುಗಿದು ಬೇಡವೆಂದೆವು. ಕಂಬದ ಮೇಲೆ ಯಾರ ಹೆಸರೂ ಇರಕೂಡದು. ಅಲ್ಲಿ ಕೂರಲು ಹೂ ಮಾರುವ ತಾಯಿಗೂ ಬೀದಿ ಗುಡಿಸುವ ಪೌರಕಾರ್ಮಿಕರಿಗೂ ಇನ್ನೊಬ್ಬರ ಹಂಗು ಅನ್ನಿಸಬಾರದು. ನಾನೂರು ಮನೆಗಳು ತಲಾ 2,500 ರೂಪಾಯಿ ಕೊಟ್ಟರೆ 10 ಲಕ್ಷ ತುಂಬುತ್ತದೆ. ನೂರು ರೂಪಾಯಿಗೂ ಅದೇ ರಸೀದಿ, ಅದೇ ಗೌರವ.

ಹಣವೇ ಆಗಬೇಕೆಂದಿಲ್ಲ. ಹಳೆಯ ಮನೆ ಕೆಡವಿಸುತ್ತಿದ್ದರೆ ದಯವಿಟ್ಟು ಗುಜರಿಗೆ ಹೇಳುವ ಮೊದಲು ನಮಗೊಂದು ಮಾತು ಹೇಳಿ. ಒಡೆಯದ ಹೆಂಚು, ಕಲ್ಲುಕಂಬ, ಹುಳು ಹಿಡಿಯದ ತೊಲೆ, ಚಪ್ಪಡಿ ಎಲ್ಲವೂ ಬೇಕು. ಇಳಿಸಿಕೊಂಡು ಹೋಗಲು ಯುವಕ ಸಂಘದವರೇ ಬರುತ್ತಾರೆ. ಗಾರೆ ಕೆಲಸ, ಮರಗೆಲಸ ಬಲ್ಲವರು ಒಂದು ಭಾನುವಾರ ಕೊಟ್ಟರೂ ಉಪಕಾರ.

ಬ್ಯಾಂಕ್ ಖಾತೆಯ ವಿವರ ಪಾರ್ಕಿನ ಮುಖ್ಯ ಗೇಟಿನ ಫಲಕದಲ್ಲಿದೆ. ತೆರಿಗೆ ವಿನಾಯಿತಿಯ ರಸೀದಿ ಬೇಕಾದವರು ಚೆಕ್ ಅಥವಾ ಆನ್‌ಲೈನ್ ಮೂಲಕವೇ ಕೊಡಿ. 2,000 ರೂಪಾಯಿಗಿಂತ ಹೆಚ್ಚಿನ ನಗದು ದೇಣಿಗೆಗೆ ವಿನಾಯಿತಿ ದೊರೆಯುವುದಿಲ್ಲ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಅದು ಅನ್ವಯಿಸದು. ಮನೆಗೆ ಬರುವ ನಮ್ಮವರ ಬಳಿ ಸಂಖ್ಯೆ ಹಾಕಿದ ರಸೀದಿ ಪುಸ್ತಕ ಇರುತ್ತದೆ, ರಸೀದಿ ಕೈಗೆ ಬಾರದೆ ಯಾರಿಗೂ ಹಣ ಕೊಡಬೇಡಿ. ಜಮಾ ಖರ್ಚಿನ ಪಟ್ಟಿಯನ್ನು ಪ್ರತಿ ತಿಂಗಳ ಮೊದಲ ಭಾನುವಾರ ಅದೇ ಫಲಕದಲ್ಲಿ ಅಂಟಿಸುತ್ತೇವೆ. ನಕ್ಷೆ ನೋಡಬೇಕೆನ್ನುವವರು ಯಾವುದೇ ಭಾನುವಾರ ಬೆಳಿಗ್ಗೆ ಏಳಕ್ಕೆ ಮಳೆಮರದ ಬಳಿ ಬನ್ನಿ, ಅಳತೆ ಹಾಕಿದ ಸುಣ್ಣದ ಗೆರೆಗಳನ್ನು ನಡೆದು ತೋರಿಸುತ್ತೇವೆ.

ಇಂತಿ ನಿಮ್ಮ ವಿಶ್ವಾಸಿಗಳು,
ಜಗಲಿ ನಿರ್ಮಾಣ ಸಮಿತಿಯ ಪರವಾಗಿ ಐದೂ ಸಂಘಗಳ ಪದಾಧಿಕಾರಿಗಳು