ಭಾನುವಾರದ ಮಾತುಕತೆ: ಪುಷ್ಪಮಾಲಾ ಅವರ ಫೋಟೋಗಳು

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಸಂಜೆ 5ಕ್ಕೆ ವಿಡಿಯೋ ಕಾಲ್ ಇದೆ. ವಿಷಯ, ನಮ್ಮ ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಅವರ 'ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ' ಫೋಟೋ ಸರಣಿ. 2000ದಿಂದ 2004ರವರೆಗೆ ಫೋಟೋಗ್ರಾಫರ್ ಕ್ಲೇರ್ ಆರ್ನಿ ಜೊತೆ ಸೇರಿ ಮಾಡಿದ್ದು. ಪುಷ್ಪಮಾಲಾ ಬರೋಡಾದಲ್ಲಿ ಕಲಿತದ್ದು ಶಿಲ್ಪಕಲೆ. ಆಮೇಲೆ ತಾವೇ ಕ್ಯಾಮೆರಾ ಮುಂದೆ ಬಂದು ನಿಂತರು!

ದಕ್ಷಿಣ ಭಾರತದ ಹೆಣ್ಣು ಅಂದ್ರೆ ಹೀಗೇ ಇರ್ತಾಳೆ ಅಂತ ನಮ್ಮ ತಲೆಯಲ್ಲಿ ಕೂತಿರುವ ಚಿತ್ರಗಳಿವೆಯಲ್ಲ, ಅವನ್ನೇ ಎತ್ತಿಕೊಂಡು ಇವರು ವೇಷ ಹಾಕುತ್ತಾರೆ. ರವಿವರ್ಮನ ಲಕ್ಷ್ಮಿ, ಬೆಳದಿಂಗಳಲ್ಲಿ ಕೂತ ಚೆಲುವೆ, ಪೇಪರಿನಲ್ಲಿ ಬಂದ ಪೊಲೀಸ್ ಫೋಟೋದ ಕಳ್ಳಿ. ದೇವಿಯಿಂದ ಕಳ್ಳಿಯವರೆಗೆ ಮುಖ ಒಂದೇ. ನಗು ಬರುತ್ತೆ, ಆಮೇಲೆ ಸ್ವಲ್ಪ ಕಸಿವಿಸಿಯೂ ಆಗುತ್ತೆ.

'ತೋಡಾ' (ನೀಲಗಿರಿಯ ಒಂದು ಬುಡಕಟ್ಟಿನ ಹೆಸರು) ಅನ್ನುವ ಫೋಟೋವನ್ನು ದಯವಿಟ್ಟು ನಿಧಾನವಾಗಿ ನೋಡಿ. ಹಿಂದೆ ಚೌಕಳಿ ಪರದೆ ಇದೆ. ಅದು ಸುಮ್ನೆ ಅಲಂಕಾರಕ್ಕಲ್ಲ. 19ನೇ ಶತಮಾನದಲ್ಲಿ ಬ್ರಿಟಿಷ್ ಅಧಿಕಾರಿಗಳು ಬುಡಕಟ್ಟಿನವರನ್ನು ಇಂಥ ಪರದೆ ಮುಂದೆ ನಿಲ್ಲಿಸಿ ಮೈಯ ಅಳತೆ ತೆಗೆಯುತ್ತಿದ್ದರು. ನಿಂತವಳ ಹೆಸರು ಯಾರಿಗೂ ಬೇಕಿರಲಿಲ್ಲ. ಈ ಫೋಟೋದಲ್ಲಿ ನಿಂತವಳೇ ಕಲಾವಿದೆ, ಹೇಗೆ ನಿಲ್ಲಬೇಕು ಅಂತ ತೀರ್ಮಾನಿಸಿದವಳೂ ಅವಳೇ. ನನಗೆ ಇಡೀ ಸರಣಿಯಲ್ಲಿ ಜಾಸ್ತಿ ಹಿಡಿಸಿದ್ದು ಇದೇ.

ಇನ್ನೊಂದು ಮಾತು. 'ಯಾವ ವೇಷದಲ್ಲಿ ಚೆನ್ನಾಗಿ ಕಾಣ್ತಾರೆ' ಅನ್ನೋ ಚರ್ಚೆ ಗುಂಪಿನಲ್ಲಿ ಬೇಡ. ಹೆಣ್ಣನ್ನು ಹಾಗೆ ನೋಡೋದನ್ನೇ ಈ ಫೋಟೋಗಳು ಪ್ರಶ್ನಿಸುತ್ತಿರೋದು, ಅಲ್ವಾ?

ಬರುವವರು ಶನಿವಾರದೊಳಗೆ ಹೆಸರು ಹಾಕಿ. ಲಿಂಕ್ ಆಮೇಲೆ ಕಳಿಸುತ್ತೇನೆ.